ತಪಸ್ಸುಕಾಲಕ್ಕೆ ಮನೆಗೊಂದು ಪುಸ್ತಕ

ಮಾನ್ಯ ಸಂಪಾದಕರೇ,

ಬೂದಿ ಬುಧವಾರ ಸಮೀಪಿಸಿದಂತೆ, ಅಂದು ಆರಂಭವಾಗಿ ಈಸ್ಟರ್ ಹಬ್ಬದವರೆಗೆ ನಡೆಯುವ ಕ್ರೈಸ್ತರ ತಪಸ್ಸುಕಾಲದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳು ಹೆಚ್ಚಾಗಿ ಉಪವಾಸ ಮತ್ತು ಮಾಂಸವರ್ಜನೆಯ ಸುತ್ತಲೇ ಇರುತ್ತವೆ. ನಮ್ಮ ಮನೆಗಳಲ್ಲೂ ಈ 40 ದಿನ ಏನನ್ನು ಬಿಡಬೇಕೆಂಬ ಮಾತು ನಡೆಯುತ್ತದೆ. ಏನನ್ನು ಓದಬೇಕೆಂಬ ಮಾತು ಬರುವುದು ಅಪರೂಪ. ಶಿವಮೊಗ್ಗ ಧರ್ಮಕ್ಷೇತ್ರದ (ಬಿಷಪರ ಆಡಳಿತ ವ್ಯಾಪ್ತಿಯ) ಒಬ್ಬ ಸಾಮಾನ್ಯ ವಿಶ್ವಾಸಿಯಾಗಿ ಈ ಕೊರತೆ ನನ್ನನ್ನು ಬಹಳವಾಗಿ ಕಾಡುತ್ತಿದೆ.

ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠವಾಸಿಗಳಿಗೆ ಬರೆದುಕೊಟ್ಟ ನಿಯಮಾವಳಿಯ 48ನೇ ಅಧ್ಯಾಯದಲ್ಲಿ, ತಪಸ್ಸುಕಾಲದ ಆರಂಭದಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಪುಸ್ತಕ ಕೊಡಬೇಕು, ಅದನ್ನು ಅವರು ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಓದಬೇಕು ಎಂದು ವಿಧಿಸಿದ್ದಾರೆ. ಓದುವ ಹೊತ್ತನ್ನು ಯಾರೂ ಹರಟೆಯಲ್ಲಿ ಕಳೆಯದಂತೆ ನೋಡಿಕೊಳ್ಳಲು ಒಬ್ಬಿಬ್ಬರು ಹಿರಿಯರು ಸುತ್ತಾಡುತ್ತಿರಬೇಕೆಂಬ ಮಾತೂ ಅಲ್ಲಿದೆ. ಓದನ್ನು ಅವರು ಅಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರು. ಈಗ ನಮಗೆ ಬೆಳಗಾದರೆ ಮೊಬೈಲಿಗೆ ಬೈಬಲಿನ ಒಂದು ವಾಕ್ಯ ಬರುತ್ತದೆ. ಕಳಿಸುವವರ ಭಕ್ತಿಯಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ವಾಕ್ಯವನ್ನು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರೆಂದು ತಿಳಿಯದೆ ಎಷ್ಟು ವಾಕ್ಯಗಳನ್ನು ಕೂಡಿಹಾಕಿಕೊಂಡರೂ ಅದರಿಂದ ಪ್ರಾರ್ಥನೆ ಆಳವಾಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಯೇಸುವಿನ ಜೀವನವನ್ನು ಹೇಳುವ ಬೈಬಲಿನ ನಾಲ್ಕು ಶುಭಸಂದೇಶಗಳಲ್ಲಿ ಮಾರ್ಕನದು ಎಲ್ಲಕ್ಕಿಂತ ಚಿಕ್ಕದು, ಕೇವಲ 16 ಅಧ್ಯಾಯಗಳು. ಅಡಿಕೆ ಸುಲಿತದ ಗಡಿಬಿಡಿ ಮುಗಿದು ಮಲೆನಾಡಿನ ಮನೆಗಳಿಗೆ ಸಂಜೆ ಸ್ವಲ್ಪ ಬಿಡುವು ಸಿಗುವ ಈ ದಿನಗಳಲ್ಲಿ ದಿನಕ್ಕೆ ಅರ್ಧ ಅಧ್ಯಾಯ ಓದಿದರೂ ಸಾಕು, ಈಸ್ಟರ್‌ನ ಹಿಂದಿನ ವಾರದ ಗರಿಗಳ ಭಾನುವಾರಕ್ಕೆ ಮೊದಲೇ ಅದು ಮುಗಿಯುತ್ತದೆ. ನಮ್ಮ ಮನೆಯಲ್ಲಿ ಹಾಸಿಗೆ ಹಿಡಿದಿರುವ ಅತ್ತೆಯವರಿಗೆ ಕೇಳಿಸುವಂತೆ ಇದನ್ನು ಗಟ್ಟಿಯಾಗಿ ಓದುತ್ತೇವೆ. ಯೇಸುವಿನ ಕೊನೆಯ ಪಯಣವನ್ನು ಸ್ಥಳ ಸ್ಥಳವಾಗಿ ನೆನೆಯುವ ಶುಕ್ರವಾರಗಳ ಶಿಲುಬೆ ಹಾದಿ ಪ್ರಾರ್ಥನೆಯ ಐದನೇ ಸ್ಥಳದಲ್ಲಿ ಯೇಸುವಿಗೆ ಶಿಲುಬೆ ಹೊರಲು ನೆರವಾಗುವ ಸಿರೇನ್ಯದ ಸಿಮೋನನನ್ನು ನಾವೆಲ್ಲ ಬಲ್ಲೆವು. ಅವನು ಹಳ್ಳಿಯ ಕಡೆಯಿಂದ ಬರುತ್ತಾ ಆ ದಾರಿಯಲ್ಲಿ ಹಾದುಹೋಗುತ್ತಿದ್ದವನು, ಸೈನಿಕರ ಬಲವಂತಕ್ಕೆ ಶಿಲುಬೆ ಹೊತ್ತವನು, ಅಲೆಕ್ಸಾಂಡರ್ ಮತ್ತು ರೂಫಸ್ ಎಂಬಿಬ್ಬರ ತಂದೆ ಎಂದು ಮಾರ್ಕನು 15ನೇ ಅಧ್ಯಾಯದಲ್ಲಿ ಒಂದೇ ವಾಕ್ಯದಲ್ಲಿ ಹೇಳುತ್ತಾನೆ. ಅದನ್ನು ಓದಿದ ಸಂಜೆ ಅತ್ತೆಯವರು, "ಮನೆಗೆ ಹೋಗಿ ಆ ಮಕ್ಕಳಿಗೆ ಏನು ಹೇಳಿದನೋ" ಎಂದರು. ಅಂದು ನಾವು ಮುಂದೆ ಓದಲಿಲ್ಲ. ತಾನಾಗಿ ಬಯಸದೆ ಹೆಗಲಿಗೆ ಬಂದ ಭಾರವೂ ದೇವರಿಗೆ ಸಲ್ಲುತ್ತದೆಯೇ ಎಂಬ ಪ್ರಶ್ನೆ ರೋಗಿಯ ಸೇವೆ ಮಾಡುವ ಪ್ರತಿ ಮನೆಯದೂ ಹೌದು, ಸೇವೆ ಮಾಡಿಸಿಕೊಳ್ಳುವವರದೂ ಹೌದು. ನನ್ನ ಪ್ರಾರ್ಥನೆಗೆ ಅಂದಿನಿಂದ ಒಂದು ನೆಲೆ ಸಿಕ್ಕಿದೆ.

ಕಥೋಲಿಕ ಧರ್ಮಸಭೆಯ ಕಡ್ಡಾಯ ಉಪವಾಸವಿರುವುದು ಬೂದಿ ಬುಧವಾರ ಮತ್ತು ಶುಭ ಶುಕ್ರವಾರಗಳಂದು ಮಾತ್ರ. ಅದೂ 59 ತುಂಬಿದವರಿಗೂ ಕಾಯಿಲೆಯವರಿಗೂ ಇಲ್ಲ. ಹೀಗೆ ವಿನಾಯಿತಿ ಪಡೆದ ಹಿರಿಯರು ತಪಸ್ಸುಕಾಲದಿಂದಲೇ ಹೊರಗುಳಿದಂತೆ ಒಂದು ಮೂಲೆಯಲ್ಲಿ ಕುಳಿತಿರುವುದನ್ನು ಕಂಡಿದ್ದೇನೆ. ಓದಿ ಹೇಳುವವರಿದ್ದರೆ ಅವರೂ ಇದರಲ್ಲಿ ಪೂರ್ಣವಾಗಿ ಪಾಲುಗೊಳ್ಳುತ್ತಾರೆ. ಮನೆಯಲ್ಲಿ ಕೊಂಕಣಿ, ತಮಿಳು, ಮಲಯಾಳ ಆಡುವವರು ನಮ್ಮಲ್ಲಿ ಅನೇಕರಿದ್ದರೂ ಇಲ್ಲಿ ಶಾಲೆ ಕಲಿತ ಮಕ್ಕಳಿಗೆ ಕನ್ನಡ ಓದು ಸಲೀಸು. ಅಜ್ಜಿಗೆ ಮೊಮ್ಮಗಳೇ ಓದಿ ಹೇಳಬಹುದು.

ಗಟ್ಟಿಯಾಗಿ ಓದಿ ಹತ್ತು ಜನರಿಗೆ ಕೇಳಿಸುವುದು ಈ ನೆಲಕ್ಕೆ ಹೊಸತೇನಲ್ಲ. ಶಿವಮೊಗ್ಗದ ಪಕ್ಕದ ಹೊಸಹಳ್ಳಿಯ, ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳು ಕುಮಾರವ್ಯಾಸನನ್ನು ಹೇಗೆ ಜನರ ಕಿವಿಯಲ್ಲಿ ಉಳಿಸಿದ್ದಾರೆಂಬುದು ನಾಡಿಗೇ ಗೊತ್ತು. ನಿಘಂಟುಕಾರ ಕಿಟ್ಟೆಲರು 1862ರಲ್ಲೇ ತಮ್ಮ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಜೀವನವನ್ನು ಕನ್ನಡ ಪದ್ಯಕ್ಕೆ ತಂದಿದ್ದರು. ಪವಿತ್ರ ವಾರದ ಒಂದು ಸಂಜೆ ನಮ್ಮ ಚರ್ಚುಗಳ ಅಂಗಳದಲ್ಲಿ ಯೇಸುವಿನ ಯಾತನೆಯ ಕಥೆಯನ್ನು ಗಮಕಿಗಳಿಂದ ವಾಚನ ಮಾಡಿಸಿದರೆ ಊರಿನ ಎಲ್ಲರೂ ಬಂದು ಕೇಳುತ್ತಾರೆಂಬ ನಂಬಿಕೆ ನನಗಿದೆ.

ಧರ್ಮಕೇಂದ್ರಗಳ ಗುರುಗಳಲ್ಲಿ ಮತ್ತು ಪಾಲನಾ ಸಮಿತಿಗಳಲ್ಲಿ ನನ್ನ ಕೋರಿಕೆ ಇಷ್ಟು: ಹಿಂದಿನ ವರ್ಷದ ಗರಿಗಳನ್ನು ಸುಟ್ಟ ಬೂದಿಯನ್ನು ಹಣೆಗೆ ಹಚ್ಚಿಸಿಕೊಳ್ಳಲು ಬರುವ ಪ್ರತಿ ಕುಟುಂಬದ ಕೈಗೆ ಅಂದೇ ಕನ್ನಡದ ಒಂದು ಶುಭಸಂದೇಶವನ್ನೋ ಪ್ರಾರ್ಥನಾ ಪುಸ್ತಕವನ್ನೋ ಕೊಡಿ, ಹಿರಿಯರ ಕಣ್ಣಿಗೆ ಒಗ್ಗುವಂತೆ ಅಕ್ಷರ ದೊಡ್ಡದಿರಲಿ. ಎಲ್ಲರಿಗೂ ಕೊಡಲು ಹಣವಿಲ್ಲದ ಕಡೆ ಹತ್ತು ಪ್ರತಿ ತರಿಸಿ, ಮನೆಯಿಂದ ಮನೆಗೆ ದಾಟಿಸಿದರೂ ಆದೀತು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗಿ, ಸಾಗರ