ಕೊಟ್ಟಿಗೆಯ ತೊಲೆಗಳನ್ನು ಮಾರಬೇಡಿ

ತೀರ್ಥರೂಪು ಅಪ್ಪಾಜಿಯವರಿಗೂ ಅವ್ವನಿಗೂ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ.

ಮೊಣಕಾಲಿನ ಆಪರೇಷನ್ನಿಗೆ ಹಣ ಹೊಂದಿಸಲು ನೀವು ಕೊಟ್ಟಿಗೆ ಬಿಚ್ಚಿಸಿ ತೊಲೆಗಳನ್ನು ಮಾರಲು ಹೊರಟಿದ್ದೀರೆಂದು ಅಣ್ಣ ಬರೆದಿದ್ದಾನೆ. ಓದಿದಾಗಿನಿಂದ ನನಗೆ ನಿದ್ದೆಯಿಲ್ಲ. ದಯವಿಟ್ಟು ಆ ವ್ಯವಹಾರವನ್ನು ಅಲ್ಲಿಗೇ ನಿಲ್ಲಿಸಿ.

ಎರಡು ವಾರದಿಂದ ರಜೆಯ ದಿನಗಳಲ್ಲಿ ನಮ್ಮ ಮನೆಯೊಡತಿಯ ಕೊಟ್ಟಿಗೆಗೆ ಬಣ್ಣ ಬಳಿಯುತ್ತಿದ್ದೇನೆ. ಇಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹಳೆಯ ಕೊಟ್ಟಿಗೆಗಳನ್ನು ದಿಬ್ಬಕ್ಕೆ ಒರಗಿಸಿ ಕಟ್ಟಿದ್ದಾರೆ. ಕೆಳಗೆ ದನ, ಮೇಲಿನ ಅಂತಸ್ತಿಗೆ ದಿಬ್ಬದ ಕಡೆಯಿಂದ ಹುಲ್ಲಿನ ಗಾಡಿಯೇ ನೇರವಾಗಿ ಒಳಗೆ ಹೋಗುತ್ತದೆ, ಕಣವೂ ಅಲ್ಲೇ ಸೂರಿನಡಿ. ನಮ್ಮ ಕಡೆ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ಇಡುತ್ತಿದ್ದರೆಂದು ನಾನು ಹೇಳಿದಾಗ ಆಕೆ ಕುಂಚ ಕೆಳಗಿಟ್ಟು ಕೇಳಿಸಿಕೊಂಡರು. ಇಲ್ಲಿನ ಕೊಟ್ಟಿಗೆಗಳ ಕೆಂಪು ಹಿಂದೆ ಅಗಸೆ ಎಣ್ಣೆಗೆ ಕೆಮ್ಮಣ್ಣಿನ ಪುಡಿ ಕಲಸಿದ ಬಣ್ಣ. ಅವ್ವ ದೀಪಾವಳಿಗೆ ಗೋಡೆಗೆ ಬಳಿಯುವ ಕೆಮ್ಮಣ್ಣಿನಲ್ಲಿರುವ ಕಬ್ಬಿಣದ ಕೆಂಪೇ ಅದರಲ್ಲೂ ಇರುವುದು. ಹಳೆಯ ಬಣ್ಣದಲ್ಲಿ ಸೀಸವಿರಬಹುದೆಂದು (ಮನೆಗೆ ಬಳಿಯುವ ಬಣ್ಣದಲ್ಲಿ ಅದನ್ನು ಇಲ್ಲಿ 1978ರಲ್ಲಿ ನಿಷೇಧಿಸಿದರು) ಮಾಸ್ಕ್ ಕಟ್ಟಿಕೊಂಡೇ ಕೆರೆದೆ, ಏಣಿಯನ್ನು ಇಬ್ಬರು ಹಿಡಿದಿದ್ದರು, ಅವ್ವ ಹೆದರುವುದು ಬೇಡ.

ಒಳಗಿನ ಒಂದು ಕಂಬದ ಮೇಲೆ ಬಡಗಿ ಉಳಿಯಿಂದ ಕೊರೆದ ನಾಲ್ಕು ಗೀಟುಗಳಿವೆ, ಅದಕ್ಕೆ ಕೂಡುವ ತೊಲೆಯ ಮೇಲೂ ಅವೇ ನಾಲ್ಕು. ಯಾವ ತೊಲೆ ಯಾವ ಕಂಬಕ್ಕೆಂದು ನೆಲದ ಮೇಲೆಯೇ ಜೋಡಿಸಿ ನೋಡಿ ಗುರುತು ಹಾಕಿ, ಬಳಿಕ ಎತ್ತಿ ನಿಲ್ಲಿಸಿ ಮರದ ಗೂಟ ಬಡಿದಿದ್ದಾರೆ. ಆ ಕೂಡುಗಳಲ್ಲಿ ಒಂದು ಮೊಳೆಯೂ ಇಲ್ಲ. ಕಟ್ಟಿಸಿದವರು ಆಕೆಯ ಮುತ್ತಜ್ಜ. ಮರ ಚೆಸ್ಟ್‌ನಟ್. 1904ರಲ್ಲಿ ನ್ಯೂಯಾರ್ಕಿನಲ್ಲಿ ಕಾಣಿಸಿಕೊಂಡ ಬೂಷ್ಟಿನ ರೋಗವು ಸುಮಾರು 50 ವರ್ಷಗಳಲ್ಲಿ ಆ ಜಾತಿಯ ಕೋಟ್ಯಂತರ ಮರಗಳನ್ನು ಕೊಂದಿತು. ಈಗ ದುಡ್ಡು ಕೊಟ್ಟರೂ ಅಂಥ ಹೊಸ ತೊಲೆ ಸಿಗುವುದಿಲ್ಲ. ಹಳೆಯ ಕೊಟ್ಟಿಗೆ ಬಿಚ್ಚಿ ಮರ ಮಾರುವವರು ಇಲ್ಲಿಯೂ ಇದ್ದಾರೆ, ಆಕೆ ಒಪ್ಪಿಲ್ಲ. ಗೀಟುಗಳ ಮೇಲೆ ಬೆರಳಾಡಿಸುವಾಗ ಅಜ್ಜ ಚನ್ನಗಿರಿ ಕಡೆಯಿಂದ ಎತ್ತಿನ ಗಾಡಿಯಲ್ಲಿ ತಂದ ನಮ್ಮ ತೊಲೆಗಳೇ ಕಣ್ಣ ಮುಂದೆ ಬಂದವು.

ಆಪರೇಷನ್ನಿನ ಹಣವನ್ನು ಪೂರ್ತಿ ನಾನೇ ಕಳುಹಿಸುತ್ತೇನೆ. ಸಾಲ ಮಾಡುವುದಿಲ್ಲ, ಊಟಕ್ಕೂ ಕಡಿಮೆ ಮಾಡಿಕೊಳ್ಳುವುದಿಲ್ಲ, ಕೂಡಿಟ್ಟದ್ದು ಸಾಕಷ್ಟಿದೆ, ನಿಜವಾಗಿಯೂ ಇದೆ. ನೀವು ದಾವಣಗೆರೆಗೆ ಹೋಗಿ ಡಾಕ್ಟರಿಂದ ದಿನ ಗೊತ್ತುಮಾಡಿಸಿಕೊಂಡು ಬನ್ನಿ, ಮಳೆಗಾಲಕ್ಕೆ ಮುಂದೂಡಬೇಡಿ. ನಮ್ಮ ತೊಲೆಗಳ ತುದಿಯಲ್ಲೂ ಬಡಗಿಯ ಗುರುತಿದೆಯೇ ಎಂದು ಅಣ್ಣ ಅಟ್ಟ ಹತ್ತಿ ನೋಡಿ ಬರೆಯಲಿ.

ಕೆಲಸಕ್ಕೆ ಹೊತ್ತಾಯಿತು, ಮುಗಿಸುತ್ತೇನೆ. ಅತ್ತಿಗೆಗೂ ಮಕ್ಕಳಿಗೂ ಕೇಳಿದೆನೆಂದು ಹೇಳಿ.

ಇಂತಿ ನಿಮ್ಮ ಮಗ