ಬೆಣ್ಣಿ 600 ಗ್ರಾಂ ದಾಟಿದಳು

ಭಾನುವಾರ ಬೆಳಿಗ್ಗೆ ಪತ್ತಾರ ಕಾಕಾನ ಅಂಗಡಿಯ ತಕ್ಕಡಿ ಮೇಲೆ, ನಾವು ಸಾಕುತ್ತಿರುವ ತಾಯಿ ಇಲ್ಲದ ಬೆಕ್ಕಿನ ಮರಿ ಬೆಣ್ಣಿಯನ್ನು ಕೂರಿಸಿದೆವು. ಅಂಕಿ ಬರಲಿಲ್ಲ, ಬರೀ ಅಡ್ಡಗೆರೆ ಬಂತು. ಬಂಗಾರ ತೂಗುವ ತಕ್ಕಡಿ ಅದು, 600 ಗ್ರಾಂ ಮೇಲೆ ಹೋದರೆ ಕೈ ಎತ್ತಿಬಿಡುತ್ತದೆ. ಕಾಕಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಇನ್ನ ನನ್ನ ಕಡೆ ಆಗಂಗಿಲ್ಲ ತಂಗಿ, ಕಿರಾಣಿ ಅಂಗಡಿಗೆ ಒಯ್ಯಿ" ಅಂದರು. ನನಗೆ ಅಲ್ಲೇ ಕಣ್ಣು ತುಂಬಿ ಬಂತು. ಮೂಗುಬೊಟ್ಟು ನೋಡಲು ಬಂದಿದ್ದ ಹೆಣ್ಣುಮಗಳು ಮೂಗುಬೊಟ್ಟು ಬಿಟ್ಟು ನನ್ನನ್ನೇ ನೋಡುತ್ತಾ ನಿಂತಳು. ಜೂನ್ ಮೊದಲ ವಾರ ಇದೇ ತಕ್ಕಡಿ 94 ಅಂತ ತೋರಿಸಿತ್ತು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮರಿಗಳು ಎಲ್ಲಿ ಸಿಕ್ಕವು, ತಾಯಿಗೆ ಏನಾಯಿತು, ಎಲ್ಲಾ ನಿಮಗೆ ಗೊತ್ತು. ತಿಂಗಳಿಡೀ ಅದನ್ನೇ ಹೇಳಿ ನಿಮ್ಮ ತಲೆ ತಿಂದಿದ್ದೇನೆ. ಥ್ಯಾಂಕ್ಸ್ ಮಾತ್ರ ಯಾರಿಗೂ ಸರಿಯಾಗಿ ಹೇಳಿಲ್ಲ.

ಪಶು ಆಸ್ಪತ್ರೆ ಡಾಕ್ಟರಿಗೆ, ಹುಬ್ಬಳ್ಳಿಯಿಂದ ಮರಿಗಳ ಹಾಲಿನ ಪುಡಿ ಹುಡುಕಿ ತಂದುಕೊಟ್ಟ ಆಫೀಸಿನ ಗೆಳತಿಗೆ, ಮೇಜಿನ ಕೆಳಗೆ ಚಪ್ಪಲಿ ಡಬ್ಬಿ ಇರೋದನ್ನು ನೋಡಿಯೂ ನೋಡದ ಹಾಗೆ ಓಡಾಡಿದ ಸಾಹೇಬರಿಗೆ, ಚಿಗರಿ ಬಸ್ಸಿನಲ್ಲಿ "ಚೀಲದಾಗ ಏನ ಒದರಾಕತ್ತೈತವಾ" ಅಂತ ಕೇಳಿ ಆಮೇಲೆ ಉಣಕಲ್ ಬರೋ ತನಕ ತನ್ನ ಸೆರಗು ಮುಚ್ಚಿ ಗಾಳಿ ತಡೆದ ಅಜ್ಜಿಗೆ, ದಿನಾ ತೂಕ ಮಾಡಿ "ಇವತ್ತ ಒಂದು ತೊಲಿ ಜಾಸ್ತಿ ಆಗ್ಯಾಳ" ಅಂತ ಹಿಗ್ಗುತ್ತಿದ್ದ ಪತ್ತಾರ ಕಾಕಾಗೆ, ಎಲ್ಲರಿಗೂ ಕೈಮುಗಿದು ಧನ್ಯವಾದ. ದಿನಕ್ಕೆ ಹತ್ತು ಗ್ರಾಂ ಏರಿದರೆ ಮರಿ ಸರಿಯಾಗಿದೆ ಅಂತ ಡಾಕ್ಟರು ಹೇಳಿದ್ದರು. ಅದು ತೊಲದ ಲೆಕ್ಕಕ್ಕೇ ಸರಿಹೋಯಿತು ನೋಡಿ.

ಅವ್ವನಿಗೂ. ಅವಳ ಬಗ್ಗೆ ಮುಂದೆ ಹೇಳುತ್ತೇನೆ.

ಒಬ್ಬನಿಗೆ ಮಾತ್ರ ಹೀಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸೋಕೆ ಆಗಲ್ಲ. ಹೆಸರು ಹಾಕುವ ಹಾಗಿಲ್ಲ. "ಬ್ಯಾಡ್ರಿ ಅಕ್ಕಾರ, ಓದಾಕಂತ ಧಾರವಾಡಕ್ಕ ಹೋಗಿ ಬೆಕ್ಕು ಕಾಯಾಕತ್ಯಾನ ಅಂತ ಊರಾಗ ನಗತಾರ" ಅಂದಿದ್ದಾನೆ. ಸಪ್ತಾಪುರದಲ್ಲಿ ಇರುವವರಿಗೆ ಗೊತ್ತು, ಇಲ್ಲಿ ಪ್ರತಿ ಮನೆಯ ಮೇಲೂ ಒಂದು ರೂಮು, ಪ್ರತಿ ರೂಮಿನಲ್ಲೂ ಪರೀಕ್ಷೆಗೆ ಓದುವ ಇಬ್ಬರು ಮೂವರು ಹುಡುಗರು. ಇವನು ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದ. ಹಾವೇರಿ ಜಿಲ್ಲೆಯ ಹಳ್ಳಿ, ಮನೆಯಲ್ಲಿ ಕುರಿ. ಒಂದು ವರ್ಷದಿಂದ ನಮ್ಮ ತಲೆಯ ಮೇಲೆಯೇ ಇದ್ದರೂ ನನಗೆ ಅವನು ಅಂದರೆ ರಾತ್ರಿ ಕುರ್ಚಿ ಎಳೆಯುವ ಸಪ್ಪಳ, ಅಷ್ಟೇ. ಆ ಸಪ್ಪಳದ ಬಗ್ಗೆ ಮನೆ ಮಾಲೀಕರಿಗೆ ಒಮ್ಮೆ ದೂರು ಬೇರೆ ಕೊಟ್ಟಿದ್ದೆ.

ಮರಿಗಳು ಎರಡು ಇದ್ದವು. ಕಪ್ಪು ಮರಿಯ ವಿಷಯ ನಾನು ಹೆಚ್ಚು ಜನರಿಗೆ ಹೇಳಿಲ್ಲ. ಮೊದಲ ಮೂರು ದಿನ ನಾನು ಆಕಳ ಹಾಲಿಗೆ ನೀರು ಬೆರೆಸಿ ಹಾಕಿದೆ. ಕೂಸಿಗೆ ಕುಡಿಸುವ ಹಾಗೆ ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು, ಸಿರಿಂಜಿನಿಂದ, ಜೋಗುಳದ ಥರ ಏನೋ ಗುನುಗುತ್ತಾ. ಎರಡೂ ತಪ್ಪು. ಆಕಳ ಹಾಲು ಅವಕ್ಕೆ ಒಗ್ಗದೆ ಭೇದಿ ಆಗುತ್ತದೆ. ಅಂಗಾತ ಮಲಗಿಸಿ ಹಾಕಿದ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ತಾಯಿ ಹತ್ತಿರ ಕುಡಿಯುವಾಗ ಮರಿ ಬೋರಲು ಇರುತ್ತದಲ್ವಾ, ಹಾಗೇ ಹಿಡಿದು ಕುಡಿಸಬೇಕು. ನಾಲ್ಕನೇ ದಿನ ಡಾಕ್ಟರು ಇದನ್ನೆಲ್ಲಾ ಬೈಯದೆ, ನಿಧಾನವಾಗಿ ಹೇಳಿದರು. ಬೈದಿದ್ದರೇ ಚೆನ್ನಾಗಿತ್ತು. ಸಂಜೆ ಏಳಕ್ಕೆ ಕಪ್ಪು ಮರಿ ಹೋಯಿತು, ನನ್ನ ಅಂಗೈಯಲ್ಲೇ. ಮರಿಗಳು ಮನೆಗೆ ಬಂದ ದಿನ "ಬೆಕ್ಕು ಸತ್ತರ ಬಂಗಾರದ ಬೆಕ್ಕು ಮಾಡಿಸಿ ಕಾಶಿಗೆ ಕೊಡಬೇಕಾಗತೈತಿ, ನೋಡಕೋ" ಅಂದಿದ್ದ ಅವ್ವ, ಅವತ್ತು ಕಾಶಿಯ ಮಾತು ಎತ್ತಲೇ ಇಲ್ಲ. ನನ್ನ ಕೈಯಿಂದ ಮರಿಯನ್ನು ತೆಗೆದುಕೊಂಡು ತನ್ನ ಹಳೆ ಕುಪ್ಪಸದ ಬಟ್ಟೆಯಲ್ಲಿ ಸುತ್ತಿದಳು.

ಅದೇ ರಾತ್ರಿ ಹನ್ನೊಂದಕ್ಕೆ ಕರೆಂಟು ಹೋಯಿತು. ಧಾರವಾಡದ ಜಿಟಿಜಿಟಿ ಮಳೆ, ಗೋಡೆಗಳೆಲ್ಲಾ ತಣ್ಣಗೆ. ಡಬ್ಬಿ ಮೇಲೆ ಇಳಿಬಿಟ್ಟಿದ್ದ ಬಲ್ಬು ಆರಿದ ಒಂದು ತಾಸಿಗೆ ಬಿಳಿ ಮರಿಯೂ ಜೋತುಬಿತ್ತು. ಹಸಿವಾಗಿರಬೇಕು ಅಂತ ನಾನು ಹಾಲು ಕಲಸಿ ಸಿರಿಂಜಿಗೆ ತುಂಬಿದೆ. ಕೈ ನಡುಗುತ್ತಿತ್ತು. ಅವ್ವ ಟಾರ್ಚ್ ಹಿಡಿದುಕೊಂಡು ಮೆಟ್ಟಿಲ ಹತ್ತಿರ ಹೋಗಿ ಮೇಲಕ್ಕೆ ಕೂಗಿದಳು. "ತಮ್ಮಾ, ನಿಮ್ಮನ್ಯಾಗ ಕುರಿ ಅದಾವಲ್ಲಾ, ಒಂದೀಟ ಬಾರಪಾ ಇಲ್ಲೆ." ಅವನ ಮನೆಯಲ್ಲಿ ಕುರಿ ಇರೋದು ಅವ್ವನಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಬಂದವನು ಕಿರುಬೆರಳ ತುದಿಯನ್ನು ಮರಿಯ ಬಾಯಿಗೆ ಇಟ್ಟು ನೋಡಿದ. "ಬಾಯಿ ತಣ್ಣಗೈತ್ರಿ. ತಣ್ಣಗಿದ್ದಾಗ ಹಾಲು ಹಾಕಬ್ಯಾಡ್ರಿ ಅಕ್ಕಾರ, ಕರಗಂಗಿಲ್ಲ, ಹೊಟ್ಟ್ಯಾಗ ಹಂಗ ನಿಂದರತೈತಿ. ಮೊದಲ ಬೆಚ್ಚಗ ಮಾಡೂಣು." ನನ್ನ ಕೈಯಿಂದ ಸಿರಿಂಜು ತೆಗೆದು ಟಿವಿ ಮೇಲೆ ಇಟ್ಟ. ಮರಿಯನ್ನು ಸ್ವೆಟರಿನ ಒಳಗೆ, ಅಂಗಿಯ ಒಳಗೆ, ಎದೆಗೆ ಹತ್ತಿಸಿಕೊಂಡು ಪಡಸಾಲೆಯ ಗೋಡೆಗೆ ಒರಗಿ ಕೂತ. ಅವ್ವ ಗ್ಯಾಸ್ ಮೇಲೆ ನೀರು ಕಾಯಿಸಿ ಎರಡು ಬಾಟಲಿಗೆ ತುಂಬಿ, ಬಟ್ಟೆ ಸುತ್ತಿ ಅವನ ಎರಡೂ ಕಡೆ ಇಟ್ಟಳು. ಹುಟ್ಟಿದ ಮೊದಲ ಎರಡು ಮೂರು ವಾರ ಮರಿಗೆ ತನ್ನ ಮೈ ತಾನೇ ಕಾಯಿಸಿಕೊಳ್ಳೋಕೆ ಬರಲ್ಲವಂತೆ. ಹಾಲಿಗಿಂತ ಮೊದಲು ಕಾವು. ಇದನ್ನು ನಾನು ನಾಲ್ಕು ದಿನ ಮೊಬೈಲ್ ನೋಡಿ ಕಲಿಯಲಿಲ್ಲ, ಅವನು ಏಳನೇ ಈಯತ್ತೆಯಲ್ಲಿದ್ದಾಗಲೇ ಅವರಪ್ಪ ಕಲಿಸಿದ್ದರು.

ಆಮೇಲೆ ಮಾಡುವುದು ಏನೂ ಇರಲಿಲ್ಲ, ಕೂರೋದಷ್ಟೇ. ಅವನು ಒಂದು ಕೈ ಎದೆ ಮೇಲಿಟ್ಟುಕೊಂಡು ಇನ್ನೊಂದು ಕೈಯಲ್ಲಿ ಟಾರ್ಚ್ ಹಿಡಿದು ನೋಟ್ಸ್ ಓದಲು ಶುರು ಮಾಡಿದ. ಕೃಷ್ಣಾ ನದಿಯ ಉಪನದಿಗಳು. ಘಟಪ್ರಭಾ, ಮಲಪ್ರಭಾ, ಭೀಮಾ, ತುಂಗಭದ್ರಾ. ಮಲಪ್ರಭೆಗೆ ಸೇರೋದು ಬೆಣ್ಣಿಹಳ್ಳ. ಮತ್ತೆ ಮೊದಲಿಂದ. "ಉಳಿತೈತೇನಪಾ?" ಅಂತ ನಾನು ಮೂರು ಸಲ ಕೇಳಿದೆ. ಮೂರೂ ಸಲ "ಗೊತ್ತಿಲ್ರಿ, ಬೆಳಕಾಗಲಿ" ಅಂದ. ಎಲ್ಲಾ ಸರಿ ಆಗುತ್ತೆ ಅಂತ ಒಂದು ಸಲವೂ ಹೇಳಲಿಲ್ಲ. ಹೇಳಿದ್ದರೆ ನಾನು ನಂಬುತ್ತಿರಲಿಲ್ಲ, ಅವನಿಗೂ ಅದು ಗೊತ್ತಿತ್ತು ಅನಿಸುತ್ತದೆ. ಕಪ್ಪು ಮರಿಯನ್ನು ನಾನೇ ಕೊಂದೆ ಅಂತ ಅತ್ತಾಗಲೂ ಅಲ್ಲ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಹೇಳಿದ: "ನಮ್ಮಪ್ಪಾರ ಕೈಯಾಗೂ ವರ್ಷಾ ಎರಡ ಮರಿ ಹೊಕ್ಕಾವ್ರಿ. ಹುಗದು ಬರತಾರ, ಕೈ ತೊಳ್ಕೊಂಡು ಉಳದದ್ದಕ್ಕ ಕುಡಸತಾರ."

ಎರಡೂವರೆಗೆ ಬಾಯಿ ಬೆಚ್ಚಗಾಯಿತು. ಬೆಲ್ಲದ ನೀರಿನಲ್ಲಿ ಬೆರಳು ಅದ್ದಿ ಒಸಡಿಗೆ ಸವರಿದ. ನಾಲ್ಕಕ್ಕೆ ಹಾಲು, ಬೋರಲು ಹಿಡಿದು, ಹನಿ ಹನಿ. ಐದಕ್ಕೆ ಸ್ವೆಟರಿನ ಒಳಗಿನಿಂದ ಎಣ್ಣೆ ಕಾಣದ ಬಾಗಿಲು ಕಿರುಗುಟ್ಟಿದ ಹಾಗೆ ಒಂದು ಸಪ್ಪಳ ಬಂತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವ್ವ ಚಹಾಕ್ಕೆ ಇಟ್ಟಳು. ಅವನು ಚಹಾ ಕುಡಿದು, ಹಿತ್ತಲಿನ ದಾಸವಾಳದ ಬುಡದಲ್ಲಿ ಕುಣಿ ತೋಡಿ ಕಪ್ಪು ಮರಿಯನ್ನು ಮಣ್ಣು ಮಾಡಿ, ಎಂಟು ಗಂಟೆಯ ಕ್ಲಾಸಿಗೆ ಹೋದ. ಹೋಗುವಾಗ "ಬೆಣ್ಣಿ ಅಂತ ಕರೀರಿ" ಅಂದ. ಹಳ್ಳದ ಹೆಸರೋ, ತಿನ್ನುವ ಬೆಣ್ಣೆಯೋ, ಕೇಳಲಿಲ್ಲ.

ಮುಂದಿನ ಮೂರು ವಾರ ರಾತ್ರಿ ಹನ್ನೆರಡು ಮತ್ತು ಮೂರರ ಪಾಳಿ ಅವನದು. "ಹೆಂಗೂ ಓದಾಕ ಎಚ್ಚರ ಇರತೇನಿ" ಅಂತ. ಜನರಲ್ ನಾಲೆಜ್ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ತೂಕ, ಎಷ್ಟು ಹಾಲು, ಉಚ್ಚೆ ಆಯಿತಾ ಇಲ್ಲವಾ, ಎಲ್ಲಾ ಗೆರೆ ಹೊಡೆದು ಬರೆದಿದ್ದಾನೆ. ಕುಡಿದ ಮೇಲೆ ತಾಯಿ ಬೆಕ್ಕು ನೆಕ್ಕಿದರೇ ಮರಿಗೆ ಉಚ್ಚೆ ಆಗೋದು. ತಾಯಿ ಇಲ್ಲದಿದ್ದರೆ ಒದ್ದೆ ಹತ್ತಿಯಿಂದ ನಾವೇ ಒರೆಸಬೇಕು. ನಾಳೆ ಫೌಜುದಾರ ಆಗುವ ಈ ಪುಣ್ಯಾತ್ಮ ಆ ಕೆಲಸವನ್ನು ಪ್ರತಿ ಸಲ ಗೋಡೆ ಕಡೆ ಮುಖ ತಿರುಗಿಸಿಕೊಂಡೇ ಮಾಡಿದ. ಹತ್ತನೇ ದಿನದ ಸಾಲಿನಲ್ಲಿ "ಎಡಗಣ್ಣು ಬಿಟ್ಟಾಳ" ಅಂತ ಇದೆ, ಕೆಳಗೆ ಎರಡು ಗೆರೆ ಎಳೆದು.

ಪರೀಕ್ಷೆ ಮುಗಿಸಿ ಹೋದ ವಾರ ಊರಿಗೆ ಹೋದ. ಸ್ವೆಟರು ಇಲ್ಲೇ ಇದೆ, ಬೆಣ್ಣಿ ಅದರ ತೋಳಿನೊಳಗೆ ಮಲಗುತ್ತಾಳೆ. ಅವನದು ಬಟನ್ ಫೋನು, ಓದು ಕೆಡುತ್ತದೆ ಅಂತ ಬೇರೆ ಇಟ್ಟುಕೊಂಡಿಲ್ಲ, ಹಾಗಾಗಿ ಇದನ್ನು ಅವನು ನೋಡಲ್ಲ. ಫೋನ್ ಮಾಡಿ ಓದಿ ಹೇಳಬೇಕು ಅಂದುಕೊಂಡಿದ್ದೇನೆ. ಅರ್ಧಕ್ಕೇ ತಡೆದು, "ಅದಿರಲಿ ಅಕ್ಕಾರ, ತೂಕ ಎಷ್ಟಾತು ಹೇಳ್ರಿ" ಅಂತಾನೆ. ನೋಟ್‌ಬುಕ್ಕಿನಲ್ಲಿ ಭಾನುವಾರದ ಸಾಲು ಇನ್ನೂ ಖಾಲಿ ಇದೆ. ಮೊದಲು ಕಿರಾಣಿ ಅಂಗಡಿಗೆ ಹೋಗಿ ಬರ್ತೀನಿ.