ಭರಣಿ ನೋಡಲು ಬರುವವಳು

ತಂಗೀ,

ನಿನ್ನ ಕಥೆ ಎರಡು ಸಲ ಓದಿದೆ. ಕಾಗುಣಿತ, ಪ್ಯಾರಾ ಎಲ್ಲ ನೀನೇ ಸರಿ ಮಾಡ್ಕೊ, ಅದಕ್ಕೆ ನಾನು ಬೇಡ. 'ಇದೇ ನನ್ನ ಕೊನೆಯ ಕಥೆ' ಅಂತ ಪತ್ರದಲ್ಲಿ ಬರೆದಿದ್ದೀಯಲ್ಲ, ಅಲ್ಲಿ ಜೋರಾಗಿ ನಗು ಬಂತು. ಕಥೆಯಲ್ಲಿ ಬರಬೇಕಾಗಿದ್ದ ನಗು ಅದು.

ಕಾರವಾರದ ಕೋಡಿಬಾಗದ ಮೀನು ಟೆಂಪೋ ಹುಡುಗ, ಕಾಳಿ ನದಿಯ ಹಳೆ ಸೇತುವೆಯಲ್ಲಿ ಲಿಫ್ಟ್ ಕೇಳುವ ದೆವ್ವ. ಒಳ್ಳೆ ಜೋಡಿ. ಆದರೆ ಅವಳಿಗೆ ಬಿಳಿ ಸೀರೆ ಯಾಕೆ? ಗೆಜ್ಜೆ ಯಾಕೆ? ಅದು ಟೀವಿಯಿಂದ ಬಾಡಿಗೆಗೆ ತಂದ ದೆವ್ವ. ಟೆಂಪೋ ಹತ್ತಿ ಮೂಗು ಮುಚ್ಚಿಕೊಂಡು, 'ಸತ್ತ ಮೇಲೂ ಈ ಬಂಗುಡೆ ವಾಸನೆ ತಪ್ಪಲಿಲ್ಲ' ಅನ್ನುತ್ತಾಳೆ ನೋಡು, ಅಲ್ಲಿ ಮಾತ್ರ ಅವಳು ಕಾರವಾರದವಳು.

ನಾನೂ ಇದೇ ತಪ್ಪು ಮಾಡಿದವನು. ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಅಜ್ಜಿ ತನ್ನ ಅತ್ತೆಯ ದೆವ್ವದ ಸುದ್ದಿ ಹೇಳುತ್ತಿದ್ದಳು. ಆ ಅತ್ತೆ ಯಾರನ್ನೂ ಹೆದರಿಸುವವಳಲ್ಲ. ಮಳೆಗಾಲದ ರಾತ್ರಿ ಬಂದು, ಅಪ್ಪೆಮಿಡಿ ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟಿದ ಬಟ್ಟೆ ಬಿಗಿ ಇದೆಯಾ ಅಂತ ಮುಟ್ಟಿ ನೋಡಿ ಹೋಗುತ್ತಾಳೆ. ಸಡಿಲ ಇದ್ದರೆ ಬೆಳಿಗ್ಗೆ ಗಂಟು ಬೇರೆ ಥರ ಇರುತ್ತಿತ್ತಂತೆ. ಸೊಸೆಯ ಗಂಟು ಸತ್ತ ಮೇಲೂ ಒಪ್ಪಿಗೆಯಾಗಲಿಲ್ಲ! ಆಗ ನನಗೆ 25 ವರ್ಷ. ಇದೂ ಒಂದು ದೆವ್ವವಾ ಅನ್ನಿಸಿ, ಮಲ್ಲಿಗೆ ಮುಡಿಸಿ, ಮೋಹಿನಿ ಮಾಡಿ ಪತ್ರಿಕೆಗೆ ಕಳಿಸಿದೆ. ಅಚ್ಚಾಯಿತು. ಹೊಗಳಿ ಕಾರ್ಡುಗಳೂ ಬಂದವು. ಅಜ್ಜಿಗೆ ಓದಿ ಹೇಳಿದೆ. ಕವಳ ಜಗಿಯುತ್ತ ಪೂರ್ತಿ ಕೇಳಿ, 'ಇದು ಯಾರ ಮನೆ ದೆವ್ವವೋ?' ಅಂದಳು. ಆಮೇಲೆ ನನ್ನೆದುರು ಭರಣಿಯ ಸುದ್ದಿ ತೆಗೆಯಲೇ ಇಲ್ಲ. ಆ ಕಾರ್ಡುಗಳನ್ನು ಗೆದ್ದಲು ತಿಂದು ಎಷ್ಟೋ ಕಾಲ ಆಯ್ತು.

ಇನ್ನೊಂದು. ನಿನ್ನ ಕಥೆ ನಡೆಯುವುದು 2025ರಲ್ಲಿ. ಹಳೆ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿಯೇ ನದಿಗೆ ಬಿತ್ತಲ್ಲ ಮಾರಾಯ್ತಿ! ಊರಿನವಳಾಗಿ ಇದನ್ನು ಬಿಡುವುದಾ? ಹಾಗಾದರೆ ಅವಳು ಎಲ್ಲಿ ನಿಂತಳು? ಹೊಸ ಸೇತುವೆಗೆ ಬಂದಳಾ? ಅಲ್ಲಿ ಮೊದಲೇ ಬೇರೆ ದೆವ್ವ ಇತ್ತಾ? ಕದ್ರಾ ಅಣೆಕಟ್ಟು, ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆ ಎಲ್ಲ ಕಂಡ ಜಿಲ್ಲೆ ನಮ್ಮದು. ಜಾಗ ಹೋದವರು ಪರಿಹಾರಕ್ಕೆ ಅಲೆಯುವುದನ್ನು ನಿನಗೆ ಹೇಳಿಕೊಡಬೇಕಾ? ಅವಳೂ ಅರ್ಜಿ ಹಾಕಲಿ. ಆಧಾರ್ ಇಲ್ಲ, ವಿಳಾಸದ ಕಡೆ 'ಮೂರನೇ ಕಂಬ' ಅಂತ ಬರೆಯಬೇಕು. ಆ ಹುಡುಗ ಟೆಂಪೋ ಬಾನೆಟ್ ಮೇಲೆ ಕಾಗದ ಇಟ್ಟು ತುಂಬಿಕೊಡಲಿ. ಪ್ರೀತಿ ಅಲ್ಲಿ ಶುರುವಾಗಬಹುದು, ಅಲ್ವಾ?

ತಿದ್ದಿ ಕಳಿಸು. ಬಂಗುಡೆಯ ಸಾಲು ಮಾತ್ರ ಮುಟ್ಟಬೇಡ.